ಊಟಕ್ಕೆ ನಾಲ್ಕು ಸ್ಟಾರ್, ಮೆನು ಕಾರ್ಡಿನ ಕಥೆಗೆ ಒಂದು

ಮೊದಲೇ ಒಂದು ಮಾತು. ಈ ಹೋಟೆಲ್ ನಡೆಯುತ್ತಿರುವುದು ನಾನು ಹುಟ್ಟಿ ಬೆಳೆದ ಮನೆಯಲ್ಲಿ. ಹಾಗಾಗಿ ಇದು ಪಕ್ಷಪಾತ ಇಲ್ಲದ ವಿಮರ್ಶೆ ಅಂತ ಯಾರೂ ನಂಬಬೇಡಿ. ಹೋಟೆಲಿನ ಹೆಸರು ಬರೆಯುವುದಿಲ್ಲ. ನಡೆಸುತ್ತಿರುವ ಹುಡುಗ ಒಳ್ಳೆಯವನು, ಅವನ ಹೊಟ್ಟೆಯ ಮೇಲೆ ಹೊಡೆಯುವ ಆಸೆ ನನಗಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆ, ಕಾರು ತಿರುಗದ ಓಣಿ, ಮುಂದೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಎತ್ತಿನ ಗಾಡಿಯ ಒಂಟಿ ಚಕ್ರ. ಇಷ್ಟು ಗುರುತು ಸಾಕು. ಅಂದಹಾಗೆ ಆ ಚಕ್ರ ನಮ್ಮದಲ್ಲ. ನಮ್ಮ ಮನೆಯಲ್ಲಿ ಗಾಡಿಯೇ ಇರಲಿಲ್ಲ.

ಮನೆ ಮಾರಿದ್ದು 2008ರಲ್ಲಿ. ಆಮೇಲೆ ನಾನು ಆ ಓಣಿಗೆ ಕಾಲಿಟ್ಟಿರಲಿಲ್ಲ. ಈಗ ಇರುವುದು ಹೊಸಪೇಟೆಯಲ್ಲಿ. ಬಳ್ಳಾರಿಗೆ ಬಂದರೂ ಮದುವೆ ಛತ್ರ, ಇಲ್ಲಾ ಆಸ್ಪತ್ರೆ, ಸಂಜೆಗೆ ವಾಪಸ್. ಈ ಮಾರ್ಚ್‌ನಲ್ಲಿ ತಮ್ಮ ಫೋನ್ ಮಾಡಿದ. "ಅಕ್ಕಾ, ನಮ್ಮ ಮನೆ ಹೋಟೆಲ್ ಆಗಿದೆ. ನಡುಮನೆಯಲ್ಲಿ ರೊಟ್ಟಿ ಊಟ ಹಾಕ್ತಾರಂತೆ. ಹೋಗೋಣ್ವಾ?" ಹೋದೆವು. ಒಂದು ಸಲ ಅಲ್ಲ, ಎರಡು ಸಲ.

ಹೋಟೆಲ್ ವಿಮರ್ಶೆ ಅಂದಮೇಲೆ ಊಟದಿಂದಲೇ ಶುರು ಮಾಡಬೇಕಲ್ವಾ. ರೊಟ್ಟಿ ಚೆನ್ನಾಗಿದೆ. ಸುಮ್ನೆ ಹೊಗಳುತ್ತಿಲ್ಲ. ಹಿಂದಿನ ಕೋಣೆಯಲ್ಲಿ ಇಬ್ಬರು ಹೆಂಗಸರು ಕೂತು ಕೈಯಲ್ಲೇ ಬಡಿಯುತ್ತಾರೆ, ಆ ಟಪಟಪ ಶಬ್ದ ಪಡಸಾಲೆಯವರೆಗೂ ಕೇಳುತ್ತದೆ. ಜೋಳ ಹೊಸದು, ಹಿಟ್ಟು ಅವತ್ತಿನದು. ಹಳೇ ಹಿಟ್ಟಾದರೆ ರೊಟ್ಟಿಯ ಅಂಚು ಬಿರಿಯುತ್ತದೆ, ಇಲ್ಲಿ ಬಿರಿದಿರಲಿಲ್ಲ. ಪುಂಡಿಪಲ್ಯ ಹುಳಿ ಹುಳಿಯಾಗಿ, ಬೆಳ್ಳುಳ್ಳಿ ಧಾರಾಳವಾಗಿ ಬಿದ್ದು, ಹೇಗಿರಬೇಕೋ ಹಾಗೇ ಇತ್ತು. ಶೇಂಗಾ ಚಟ್ನಿಪುಡಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡದೆ ತರಿತರಿ ಬಿಟ್ಟಿದ್ದಾರೆ, ಅದಕ್ಕೆ ಅರ್ಧ ಸ್ಟಾರ್ ಜಾಸ್ತಿ. ಗುರೆಳ್ಳು ಪುಡಿ ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಇಲ್ಲ. ಕೇಳಿ.

ಎಣ್ಣೆಗಾಯಿ ಮಾತ್ರ ನಿರಾಸೆ. ಬೆಲ್ಲ ಸುರಿದಿದ್ದಾರೆ. ಹೊರಗಿನ ಊರಿನವರಿಗೆ ಖಾರ ತಡೆಯೋದಿಲ್ಲ ಅಂತ ಮಾಡಿದ್ದು ಅಂತ ಮಾಣಿ ಹೇಳಿದ. ಬಳ್ಳಾರಿಗೆ ಬಂದು ಖಾರ ಬೇಡ ಅನ್ನುವವರು ಬರುವುದಾದರೂ ಯಾಕೆ? ಮೂರು ರೊಟ್ಟಿ, ಎರಡು ಪಲ್ಯ, ಅನ್ನ, ಸಾರು, ಮೊಸರು ಸೇರಿ 160 ರೂಪಾಯಿ. ಪರವಾಗಿಲ್ಲ. "ಅರಮನೆ ಥಾಳಿ" ಅಂತ 340 ರೂಪಾಯಿದು ಒಂದಿದೆ, ಅದರಲ್ಲಿ ಪನೀರ್, ಗೋಬಿ, ಬಾದಾಮಿ ಹಾಲು. ಅದನ್ನು ಪಕ್ಕದ ಟೇಬಲಿನವರು ತರಿಸಿಕೊಂಡಿದ್ದನ್ನು ನೋಡಿದೆ, ಅಷ್ಟೇ ಸಾಕಾಯಿತು. ಸಂಜೆ ನಾಲ್ಕರ ಮೇಲೆ ಒಗ್ಗರಣೆ ಮಿರ್ಚಿ ಸಿಗುತ್ತದೆ. ಒಗ್ಗರಣೆ ಅಂದರೆ ಸಾರಿಗೆ ಹಾಕುವುದಲ್ಲ, ನೆನೆಸಿದ ಮಂಡಕ್ಕಿಯದು. ಬೆಂಗಳೂರಿನಿಂದ ಬರುವವರಿಗೆ ಇದನ್ನು ಪ್ರತಿ ಸಲವೂ ಹೇಳಬೇಕಾಗುತ್ತದೆ.

ತೊಂದರೆ ಇರುವುದು ಮೆನು ಕಾರ್ಡಿನ ಹಿಂದಿನ ಪುಟದಲ್ಲಿ.

ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಮೇಲೆ "ನಮ್ಮ ಇತಿಹಾಸ" ಅಂತ. ನಮ್ಮ ಅಂದರೆ ಯಾರ? ಇರಲಿ. ಅಲ್ಲಿ ಬರೆದದ್ದು ಇಷ್ಟು: ಈ ಕಟ್ಟಡ 1865ರಲ್ಲಿ ನವಾಬರೊಬ್ಬರು ಕಟ್ಟಿಸಿದ ಅರಮನೆ. ಇದರೊಳಗಿನ ರಹಸ್ಯ ಸುರಂಗ ಬಳ್ಳಾರಿ ಕೋಟೆಗೆ ಹೋಗುತ್ತದೆ. ನಟ ಬಳ್ಳಾರಿ ರಾಘವರು ಇದೇ ಪಡಸಾಲೆಯಲ್ಲಿ ನಾಟಕದ ತಾಲೀಮು ಮಾಡುತ್ತಿದ್ದರು. ಮೂರು ಸಾಲು, ಮೂರೂ ತಪ್ಪು. ತಮ್ಮ ಓದಿ ಓದಿ ನಕ್ಕ. ನನಗೆ ನಗು ಬರಲಿಲ್ಲ. ರೊಟ್ಟಿ ಆರುತ್ತಿತ್ತು, ನಾನು ಕಾರ್ಡು ಹಿಡಿದುಕೊಂಡು ಕೂತಿದ್ದೆ.

ನವಾಬನ ಮಾತು ಒಂದೇ ಏಟಿಗೆ ಬೀಳುತ್ತದೆ. ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದು 1800ರಲ್ಲಿ. ದತ್ತ ಮಂಡಲ ಅಂತ ಹೆಸರು ಬಂದದ್ದೇ ಅದರಿಂದ. ಆಮೇಲೆ ಥಾಮಸ್ ಮನ್ರೋ ಬಂದರು, ಕಲೆಕ್ಟರುಗಳು ಬಂದರು, ದಂಡು ಬಂತು. ನಮ್ಮ ಪೇಟೆಯ ಹೆಸರಿನ ಬ್ರೂಸ್ ಕೂಡ ಒಬ್ಬ ಇಂಗ್ಲಿಷ್ ಅಧಿಕಾರಿಯೇ. 1865ರಲ್ಲಿ ಬಳ್ಳಾರಿಯಲ್ಲಿ ಅರಮನೆ ಕಟ್ಟಿಸಲು ನವಾಬ ಎಲ್ಲಿಂದ ಬರಬೇಕು?

ಆದರೆ ಆ 1865 ಎಲ್ಲಿಂದ ಬಂತು ಅನ್ನುವುದು ನನ್ನನ್ನು ಕಾಡಿತು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಗೊತ್ತಾಯಿತು. ಬಚ್ಚಲ ಮನೆಯ ಇಳಿಜಾರಿನ ಮಾಡಿಗೆ ಮಂಗಳೂರು ಹೆಂಚು ಇತ್ತಲ್ಲ, ಅದರಲ್ಲಿ ಒಂದನ್ನು ತೆಗೆದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಮೇಲೊಂದು ದೀಪ. ಹೆಂಚಿನ ಮೇಲೆ ಇಂಗ್ಲಿಷಿನಲ್ಲಿ ಬಾಸೆಲ್ ಮಿಷನ್ ಅಂತ, ಕೆಳಗೆ 1865 ಅಂತ. ಅದು ನಮ್ಮ ಮನೆ ಕಟ್ಟಿದ ವರ್ಷ ಅಲ್ಲ ಸ್ವಾಮಿ! ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಬಾಟಾ ಚಪ್ಪಲಿಯ ಮೇಲಿನ ವರ್ಷ ನೋಡಿ ಅದನ್ನು ಹಾಕಿಕೊಂಡವರ ವಯಸ್ಸು ಹೇಳಿದ ಹಾಗಾಯಿತು ಇದು. ಹಳೇ ಮನೆ ಇಟ್ಟುಕೊಂಡವರು ಈ ತಪ್ಪನ್ನು ಮಾಡುತ್ತಲೇ ಇರುತ್ತಾರೆ, ನೀವೂ ಒಮ್ಮೆ ನಿಮ್ಮ ಹೆಂಚು ತಿರುಗಿಸಿ ನೋಡಿಕೊಳ್ಳಿ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಆ ಮಿಷನ್ನಿನ ಕಾರ್ಖಾನೆಗಳನ್ನು ಕಿತ್ತುಕೊಂಡರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಹೆಂಚು ಹಳೆಯದೇ, ಸುಳ್ಳಲ್ಲ. ಆದರೆ ನಮ್ಮಜ್ಜಿ ಹೇಳುತ್ತಿದ್ದಂತೆ ಅವು ದಂಡಿನ ಕಡೆಯ ಯಾವುದೋ ಬಂಗಲೆ ಬಿಚ್ಚಿದಾಗ ಹರಾಜಿನಲ್ಲಿ ತಂದವು. ಸೆಕೆಂಡ್ ಹ್ಯಾಂಡ್. ಅರಮನೆಗೆ ಯಾರಾದರೂ ಸೆಕೆಂಡ್ ಹ್ಯಾಂಡ್ ಹೆಂಚು ಹಾಕುತ್ತಾರಾ?

ನಮ್ಮ ಮನೆಯ ನಿಜವಾದ ವಯಸ್ಸು ಬೇಕಿದ್ದರೆ ತಲೆ ಎತ್ತಿ ನೋಡಬೇಕು. ಮುಂದಿನ ಕೋಣೆಯಲ್ಲಿ, ಈಗ ಕ್ಯಾಷ್ ಕೌಂಟರ್ ಇರುವಲ್ಲಿ, ಒಂದು ಕಬ್ಬಿಣದ ತೊಲೆ ಇದೆ. ಅದಕ್ಕೆ ಹೊಟೇಲಿನವರು ಚಾಕೊಲೇಟ್ ಬಣ್ಣ ಬಳಿದು ಮರದ ಹಾಗೆ ಕಾಣಿಸಿದ್ದಾರೆ. ಬಣ್ಣದ ಅಡಿಯಲ್ಲೂ ಉಬ್ಬಿದ ಇಂಗ್ಲಿಷ್ ಅಕ್ಷರ ಕಾಣುತ್ತದೆ: ಟಾಟಾ. ಚಿಕ್ಕವಳಿದ್ದಾಗ ನಾನು ಮೊದಲು ಓದಲು ಕಲಿತ ಇಂಗ್ಲಿಷ್ ಪದ ಅದು, ಮಂಚದ ಮೇಲೆ ಅಂಗಾತ ಮಲಗಿ. ಟಾಟಾದವರ ಜಮ್‌ಶೆಡ್‌ಪುರದ ಕಾರ್ಖಾನೆಯಲ್ಲಿ ಮೊದಲ ಉಕ್ಕು ಬಂದದ್ದೇ 1912ರಲ್ಲಿ. ಅದಕ್ಕಿಂತ ಮುಂಚೆ ಆ ತೊಲೆ ಅಲ್ಲಿಗೆ ಬರಲು ಸಾಧ್ಯವೇ ಇಲ್ಲ. ನಮ್ಮ ಮುತ್ತಜ್ಜ ಜಾಗ ಕೊಂಡದ್ದು 1921ರಲ್ಲಿ, ಮುಂದಿನ ಭಾಗ ಕಟ್ಟಿಸಿದ್ದು ಅದಾದ ಮೇಲೆ. ಲೆಕ್ಕ ಸರಿಹೋಯಿತು. ನೂರು ವರ್ಷದ ಮನೆ. ಸಾಲದಾ? ಇನ್ನೂ ಅರವತ್ತು ವರ್ಷ ಯಾಕೆ ಕದಿಯಬೇಕು?

ಕ್ರಯಪತ್ರ ತಮ್ಮನ ಹತ್ತಿರ ಇದೆ. ಮನೆ ಮಾರುವಾಗ ಹೊಸ ಕಾಗದಗಳನ್ನು ಕೊಟ್ಟೆವು, ಈ ಹಳೇದನ್ನು ಯಾರೂ ಕೇಳಲಿಲ್ಲ. ಛಾಪಾ ಕಾಗದದ ಮೇಲೆ ಐದನೇ ಜಾರ್ಜ್ ತಲೆ, ಕೆಳಗೆ ತೆಲುಗು ಬರಹ. ನಮಗೆ ತೆಲುಗು ಮಾತಾಡಲು ಬರುತ್ತದೆ, ಬಳ್ಳಾರಿಯಲ್ಲಿ ಯಾರಿಗೆ ಬರುವುದಿಲ್ಲ? ಓದಲು ಬರುವುದಿಲ್ಲ. ಹಳೇ ನೆರೆಯವರೊಬ್ಬರು, ಮೇಷ್ಟ್ರಾಗಿ ರಿಟೈರ್ ಆದವರು, ಒಂದು ಮಧ್ಯಾಹ್ನ ಕೂತು ಓದಿ ಹೇಳಿದರು. ಚಕ್ಕುಬಂದಿ ಕೇಳಿ ನನಗೆ ಖುಷಿಯೋ ಖುಷಿ. ಮೂಡಲಿಗೆ ರಸ್ತೆ, ತೆಂಕಲಿಗೆ ಬೇವಿನ ಮರ, ಪಡುವಲಿಗೆ ಉಪ್ಪು ನೀರಿನ ಬಾವಿ. ಬಾವಿ ನಮ್ಮ ಕಾಲದಲ್ಲೂ ಉಪ್ಪೇ. ನೂರು ವರ್ಷದ ಹಿಂದಿನ ಕಾಗದದಲ್ಲೂ ಅದರ ರುಚಿ ಬರೆದಿಟ್ಟಿದ್ದಾರೆ ನೋಡಿ.

ಮುತ್ತಜ್ಜ ನವಾಬ ಅಲ್ಲ, ಹತ್ತಿ ದಲ್ಲಾಳಿ. ಸುತ್ತಲ ಎರೆ ಹೊಲದ ಹತ್ತಿ ಬಳ್ಳಾರಿ ಪೇಟೆಗೆ ಬರುತ್ತಿತ್ತು, ಅದನ್ನು ತೂಗಿಸಿ ಮಾರಿಸಿ ರೂಪಾಯಿಗೆ ಇಷ್ಟು ಕಾಸು ಅಂತ ತೆಗೆದುಕೊಳ್ಳುತ್ತಿದ್ದರು. ಮನೆ ಅಗ್ಗಕ್ಕೆ ಸಿಕ್ಕಿದ್ದಕ್ಕೆ ಕಾರಣ ಪ್ಲೇಗು. ಆ ಕಾಲದಲ್ಲಿ ಇಲಿ ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ಮೊದಲಿನ ಮನೆಯವರು ಹಾಗೆ ಹೋದವರು ವಾಪಸ್ ಬರಲು ಮನಸ್ಸು ಮಾಡಲಿಲ್ಲ. ಅಜ್ಜಿ ಇದನ್ನು ದನಿ ತಗ್ಗಿಸಿ ಹೇಳುತ್ತಿದ್ದಳು, ಜೋರಾಗಿ ಹೇಳಿದರೆ ಇಲಿಗೆ ಕೇಳಿಸುತ್ತದೇನೋ ಅನ್ನುವ ಹಾಗೆ. ಇದನ್ನು ಮೆನು ಕಾರ್ಡಿನಲ್ಲಿ ಹಾಕಲು ಆಗುವುದಿಲ್ಲ ಅನ್ನುವುದು ನನಗೂ ಗೊತ್ತು. ಊಟದ ಹೊತ್ತಿಗೆ ಪ್ಲೇಗ್ ಯಾರಿಗೆ ಬೇಕು.

ಈಗ ಸುರಂಗ. ನಡುಮನೆಯ ಮೂಲೆಯಲ್ಲಿ ನೆಲಕ್ಕೆ ದಪ್ಪ ಗಾಜು ಹಾಕಿ, ಕೆಳಗೆ ನೀಲಿ ಲೈಟು ಬಿಟ್ಟಿದ್ದಾರೆ. ಜನ ಅದರ ಮೇಲೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದು ಹಗೇವು. ಜೋಳದ ಹಗೇವು. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಹಿರಿಯರಿಗೆ ಹೇಳಬೇಕಿಲ್ಲ, ಆದರೆ ನನ್ನ ಮಗಳಿಗೇ ಗೊತ್ತಿರಲಿಲ್ಲ, ಅದಕ್ಕೆ ಬರೆಯುತ್ತೇನೆ. ಗಡಿಗೆಯ ಆಕಾರದಲ್ಲಿ ನೆಲ ತೋಡುವುದು, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಗೋಡೆಗೆ, ತಳಕ್ಕೆ ಜೋಳದ ದಂಟು, ಹುಲ್ಲು ಹಾಸಿ, ಒಣಗಿದ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಒಳಗೆ ಗಾಳಿ ಆಡುವುದಿಲ್ಲ. ಕಾಳೇ ಉಸಿರಾಡಿ ಒಳಗಿನ ಗಾಳಿಯನ್ನು ಕೆಡಿಸುತ್ತದೆ, ಹುಳ ಬದುಕುವುದಿಲ್ಲ. ವರ್ಷಗಟ್ಟಲೆ ಜೋಳ ಕೆಡದೆ ಇರುತ್ತಿತ್ತು. ಬರಗಾಲದ ಊರಿನಲ್ಲಿ ಇದೇ ಬ್ಯಾಂಕು.

ತೆಗೆಯುವುದು ಮಾತ್ರ ಹುಷಾರಿನ ಕೆಲಸ. ಕಲ್ಲು ಸರಿಸಿ ಒಂದು ದಿನ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಮನುಷ್ಯನೂ ಆರಿದ ಹಾಗೇ. ಹಗೇವಿಗೆ ಇಳಿದು ಮೇಲೆ ಬರದವರ ಸುದ್ದಿ ನಮ್ಮ ಕಡೆ ಪ್ರತಿ ಊರಿನಲ್ಲೂ ಒಂದಾದರೂ ಇರುತ್ತದೆ. ನಮ್ಮಜ್ಜಿ ಹಗೇವಿನ ಕಲ್ಲಿನ ಮೇಲೆ ನಮ್ಮನ್ನು ಕುಣಿಯಲು ಬಿಡುತ್ತಿರಲಿಲ್ಲ, ಒಳಗೆ ಏನೂ ಇಲ್ಲದಿದ್ದರೂ. ನಾನು ಹುಟ್ಟುವ ಹೊತ್ತಿಗೆ ಅದು ಖಾಲಿ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಂತು, ಹೊಲಗಳು ಗದ್ದೆಗಳಾದವು, ಮನೆಯೊಳಗೆ ಅಕ್ಕಿ ಮೂಟೆ ಬಂತು. ಅಕ್ಕಿಯನ್ನು ಯಾರು ಹಗೇವಿಗೆ ಹಾಕುತ್ತಾರೆ? ಹಗೇವಿನ ಜೋಳಕ್ಕೆ ಒಂದು ಮುಗ್ಗಲು ವಾಸನೆ ಇರುತ್ತಿತ್ತಂತೆ. ಅಪ್ಪ ಸಾಯುವವರೆಗೂ ಹೊಸ ಜೋಳದ ರೊಟ್ಟಿ ತಿಂದು "ಇದಕ್ಕೆ ಆ ವಾಸನೆ ಇಲ್ಲ" ಅಂತ ಗೊಣಗುತ್ತಿದ್ದರು. ವಾಸನೆ ಇಲ್ಲ ಅನ್ನುವುದೂ ಒಂದು ದೂರು!

ರಾಘವರ ಸುದ್ದಿಯಲ್ಲಿ ನನಗೂ ಸ್ವಲ್ಪ ಮುಜುಗರ ಇದೆ. ಆ ಪುಕಾರು ಹುಟ್ಟಿದ್ದು ನಮ್ಮ ಮನೆಯಿಂದಲೇ ಇರಬೇಕು. ಬಳ್ಳಾರಿ ಅಂದರೆ ವಕೀಲರೇ ನಾಟಕ ಬರೆದು ವಕೀಲರೇ ಬಣ್ಣ ಹಚ್ಚಿದ ಊರು. ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು, ಆಮೇಲೆ ರಾಘವರು. ಮೂವರೂ ವಕೀಲರು. ನಮ್ಮಜ್ಜನಿಗೆ ರಾಘವರ ನಾಟಕದ ಹುಚ್ಚು. ನೋಡಿ ಬಂದ ರಾತ್ರಿ ಪಡಸಾಲೆಯಲ್ಲಿ ದುಪ್ಪಟಿ ಹೊದ್ದುಕೊಂಡು ಅದೇ ಮಾತುಗಳನ್ನು ಆಡಿ ತೋರಿಸುತ್ತಿದ್ದರಂತೆ, ಕಟ್ಟೆಯ ಮೇಲೆ ಜನ ಸೇರುತ್ತಿದ್ದರಂತೆ. ರಾಘವರು 1946ರಲ್ಲಿ ತೀರಿಕೊಂಡರು. ಅಜ್ಜನ ನಕಲು ಮಾತ್ರ ನಾನೂ ನೋಡಿದ್ದೇನೆ, ಎಪ್ಪತ್ತರ ದಶಕದಲ್ಲಿ, ಹಲ್ಲಿಲ್ಲದ ಬಾಯಲ್ಲಿ. ಅರ್ಧ ತೆಲುಗು, ಅರ್ಧ ಗಾಳಿ. ಪಡಸಾಲೆಯಲ್ಲಿ ತಾಲೀಮು ನಡೆದದ್ದು ನಿಜ. ನಟ ಬೇರೆ.

ಅದೇ ಪಡಸಾಲೆಯ ಮಧ್ಯ ಈಗೊಂದು ಗೋಡೆ ಇದೆ. ಅದರ ಆಚೆ "ಫ್ಯಾಮಿಲಿ ಸೆಕ್ಷನ್" ಅಂತ ಬೋರ್ಡು. ಇದನ್ನು ನೋಡಿ ಕೊನೆಗೂ ನಾನು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಆ ಗೋಡೆ ಎದ್ದದ್ದೇ ಫ್ಯಾಮಿಲಿ ಒಡೆದದ್ದರಿಂದ. ಅಜ್ಜನಿಗೂ ಚಿಕ್ಕಜ್ಜನಿಗೂ ಪಾಲಾಯಿತು, ನನಗಾಗ ಐದು ವರ್ಷ. ಬೆಳಿಗ್ಗೆ ಎದ್ದರೆ ಪಡಸಾಲೆಯಲ್ಲಿ ಇಟ್ಟಿಗೆ ಜೋಡಿಸುತ್ತಿದ್ದರು. ಗೋಡೆ ಸರಿಯಾಗಿ ಒಂದು ಮರದ ಕಂಬದ ನಡುವೆ ಹಾದುಹೋಯಿತು, ಅರ್ಧ ಕಂಬ ನಮಗೆ, ಅರ್ಧ ಅವರಿಗೆ. ಹಗೇವು ನಮ್ಮ ಪಾಲಿಗೆ, ಬಾವಿ ಅವರ ಪಾಲಿಗೆ. ಚಿಕ್ಕಜ್ಜಿ ಗೋಡೆಯ ಆಚೆಯಿಂದಲೇ ಒಲೆ ಊದುವ ಕೊಳವೆಯಿಂದ ಎರಡು ಸಲ ತಟ್ಟುತ್ತಿದ್ದಳು. ಅಂದರೆ ಸಾರು ಆಗಿದೆ, ಮಗೂನ ಕಳಿಸು ಅಂತ. ಗಂಡಸರು ಹತ್ತು ವರ್ಷ ಮಾತಾಡಲಿಲ್ಲ. ಸಾರು ನಿಲ್ಲಲಿಲ್ಲ.

ನಾನು ಕೂತದ್ದು ಏಳನೇ ಟೇಬಲು, ಗೋಡೆಗೆ ಬೆನ್ನು ಕೊಟ್ಟು. ಸುಮ್ನೆ ಬೆರಳಿನಿಂದ ಎರಡು ಸಲ ತಟ್ಟಿದೆ. ಆಚೆಯಿಂದ ಯಾರೋ ಗಂಡಸು "ಏನ್ರೀ?" ಅಂದ. ತಮ್ಮ ನನ್ನ ಕೈ ಹಿಡಿದುಕೊಂಡ.

ಮಾಳಿಗೆ ಬಗ್ಗೆ ಒಂದು ದೂರು ಇದೆ, ಇದು ನಿಜವಾಗಿ ಹೋಟೆಲ್ ಮೇಲಿನ ದೂರು. ಒಳಗೆ ಎಸಿ ಹಾಕಿದ್ದಾರೆ, ಮೈ ನಡುಗುವಷ್ಟು. ಕಾರಣ ಕೇಳಿದರೆ ಬಳ್ಳಾರಿ ಬಿಸಿಲು ಅನ್ನುತ್ತಾರೆ. ಬಳ್ಳಾರಿಯಲ್ಲಿ ಎರಡೇ ಕಾಲ ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ, ಬೇಸಿಗೆ ಮತ್ತು ಕಡು ಬೇಸಿಗೆ. ಆದರೆ ಆ ಮನೆಗೆ ಎಸಿ ಬೇಕಿರಲಿಲ್ಲ. ಮಣ್ಣಿನ ಮಾಳಿಗೆ ಇತ್ತು. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಚಕ್ಕೆ, ಬೇವಿನ ಸೊಪ್ಪು, ಅದರ ಮೇಲೆ ಗೇಣುದ್ದ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಚೌಳು ಮಣ್ಣು ತಂದು ಹರಡಿಸುತ್ತಿದ್ದೆವು. ಚೌಳಿನಲ್ಲಿ ಉಪ್ಪಿನ ಅಂಶ ಇರುತ್ತದೆ. ನೀರು ಬಿದ್ದ ಕೂಡಲೇ ಅದು ನುಣ್ಣಗೆ ಕದಡಿ ಸಂದುಗಳಲ್ಲಿ ಕೂತುಬಿಡುತ್ತದೆ, ಮೇಲಿನ ನೀರು ಕೆಳಗೆ ಇಳಿಯುವುದಿಲ್ಲ. ಹುಲ್ಲು ಕೂಡ ಬೆಳೆಯುವುದಿಲ್ಲ. ಹೊಲದಲ್ಲಿ ಇದ್ದರೆ ರೈತ ಬೈಯುವ ಮಣ್ಣು, ಮಾಳಿಗೆಗೆ ಬಂದರೆ ಚಿನ್ನ. ಏಪ್ರಿಲ್ ಮಧ್ಯಾಹ್ನದಲ್ಲೂ ನಡುಮನೆಯ ನೆಲ ತಣ್ಣಗೆ ಇರುತ್ತಿತ್ತು. ರಾತ್ರಿ ಮಾಳಿಗೆ ಹತ್ತಿ ಮಲಗಿದರೆ ಎದುರಿಗೆ ಬಳ್ಳಾರಿ ಗುಡ್ಡ. ಹಗಲೆಲ್ಲ ಕಾದ ಕಲ್ಲು ರಾತ್ರಿ ಹನ್ನೊಂದರವರೆಗೂ ನಮ್ಮ ಕಡೆ ಬಿಸಿ ಉಸಿರು ಬಿಡುತ್ತಿತ್ತು, ಆಮೇಲೆ ಗಾಳಿ ತಿರುಗುತ್ತಿತ್ತು.

ಈಗ ಮುಂದಿನ ಭಾಗಕ್ಕೆ ಆರ್‌ಸಿಸಿ ಹಾಕಿಸಿದ್ದಾರೆ. ನಡುಮನೆಯಲ್ಲಿ ಹಳೇ ಜಂತಿ ಹಾಗೇ ಇವೆ, ಅಷ್ಟಕ್ಕೆ ಪುಣ್ಯ. ಗವಾಕ್ಷಿಗೆ ಗಾಜು ಮುಚ್ಚಿದ್ದಾರೆ. ಬೆಳಕು ಬರುತ್ತದೆ, ಗಾಳಿ ಇಲ್ಲ. ನನ್ನ ಸಲಹೆ: ಶಾಲು ತೆಗೆದುಕೊಂಡು ಹೋಗಿ. ಬಳ್ಳಾರಿಯಲ್ಲಿ ಮಾರ್ಚ್ ತಿಂಗಳಲ್ಲಿ ಶಾಲು!

ಮೆನು ಕಾರ್ಡಿನಲ್ಲಿ ಇರಬೇಕಾಗಿದ್ದು, ಇಲ್ಲದ್ದು ಒಂದಿದೆ. ಈ ಮನೆ ಜಾಗ ಬಿಟ್ಟು ಒಂದು ಇಂಚೂ ಕದಲದೆ ರಾಜ್ಯ ಬದಲಾಯಿಸಿತು. 1953ರ ಸೆಪ್ಟೆಂಬರ್ 30ರ ರಾತ್ರಿ ಮದ್ರಾಸ್ ರಾಜ್ಯದಲ್ಲಿ ಮಲಗಿದ ನಮ್ಮವರು ಬೆಳಿಗ್ಗೆ ಮೈಸೂರು ರಾಜ್ಯದಲ್ಲಿ ಎದ್ದರು. ಆಂಧ್ರ ಬೇರೆಯಾದ ದಿನ ಅದು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಬಳ್ಳಾರಿ ಈ ಕಡೆ ಬಂತು. ಬಳ್ಳಾರಿ ಯಾರಿಗೆ ಅಂತ ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಜಗಳ ನಡೆದಿತ್ತು. ಅಪ್ಪನಿಗೆ ಆಗ ಒಂಬತ್ತು ವರ್ಷ. ಸಮಾರಂಭದ ಪೆಂಡಾಲ್ ಕಾಯಲು ಹೋಗಿದ್ದ ಪಿಂಜಾರ ರಂಜಾನ್ ಸಾಬರ ಮೇಲೆ ಆಸಿಡ್ ಬಲ್ಬ್ ಎಸೆದರು, ಅವರು ತೀರಿಕೊಂಡರು. ಆ ಸುದ್ದಿ ಬಂದ ಮೇಲೆ ಅಜ್ಜ ದೊಡ್ಡ ಬಾಗಿಲಿಗೆ ಅಡ್ಡಗೋಲು ಹಾಕಿದ್ದು ಅಪ್ಪನಿಗೆ ನೆನಪಿತ್ತು. ಮನೆಯೊಳಗೆ ಅಜ್ಜ ಕನ್ನಡ, ಅಜ್ಜಿಯ ತವರು ಮನೆ ತೆಲುಗು. ಅಡುಗೆಮನೆಯಲ್ಲಿ ಯಾವ ರಾಜ್ಯ ಅಂತ ಯಾರೂ ಕೇಳಲಿಲ್ಲ. ಕಾಗದದ ಪೆಟ್ಟಿಗೆ ನೋಡಿದರೆ ಮಾತ್ರ ಗೊತ್ತಾಗುತ್ತದೆ, ಕ್ರಯಪತ್ರ ತೆಲುಗು, ಕಂದಾಯದ ಹಳೇ ರಶೀದಿ ಇಂಗ್ಲಿಷ್, ಆಮೇಲಿನದು ಕನ್ನಡ. ಆ ಅಡ್ಡಗೋಲು ಈಗಲೂ ಇದೆ. ಅದಕ್ಕೆ ಕೊಕ್ಕೆ ಹೊಡೆದು ಛತ್ರಿ ನೇತುಹಾಕಿದ್ದಾರೆ.

ಆಮೇಲಿನ ಕಥೆ ಬೇಗ ಹೇಳಿಬಿಡುತ್ತೇನೆ. ಹತ್ತಿ ದಲ್ಲಾಳಿ ಕೆಲಸ ಅಜ್ಜನ ಕಾಲಕ್ಕೇ ಮುಗಿಯಿತು. ಅಪ್ಪ ನೌಕರಿ ಹಿಡಿದರು. ತೊಂಬತ್ತರ ದಶಕದಲ್ಲಿ ಮುಂದಿನ ಕೋಣೆಯನ್ನು ಜೀನ್ಸ್ ಹೊಲಿಯುವವರಿಗೆ ಬಾಡಿಗೆಗೆ ಕೊಟ್ಟರು. ಎಂಟು ಮಷೀನು, ರಾತ್ರಿ ಹತ್ತರವರೆಗೂ ಗಡಗಡ. ಅನ್ನದ ತಟ್ಟೆಯಲ್ಲೂ ನೀಲಿ ನೂಲು ಸಿಗುತ್ತಿತ್ತು. ಟಾಟಾ ತೊಲೆಯ ಕೆಳಗೆ ನೆಲದಲ್ಲಿ ಒಂದು ನೀಲಿ ಕಲೆ ಇದೆಯಲ್ಲ, ಅದು ಹೋಟೆಲಿನವರು ಮಾಡಿಸಿದ ಡಿಸೈನ್ ಅಲ್ಲ, ಡೆನಿಮ್. 1999ರ ಚುನಾವಣೆಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಬಳ್ಳಾರಿಯಲ್ಲಿ ನಿಂತರಲ್ಲ, ಆಗ ನಮ್ಮ ಕಟ್ಟೆಯ ಗೋಡೆಗೆ ಕೈ, ಕಮಲ ಎರಡನ್ನೂ ಬಳಿದು ಹೋದರು. ಸುಷ್ಮಾ ಅವರು ಕನ್ನಡದಲ್ಲಿ ಭಾಷಣ ಮಾಡಿದ್ದಕ್ಕೆ ಅಮ್ಮ ಕಮಲ ಚೆನ್ನಾಗಿದೆ ಅಂದಳು, ಅಪ್ಪ ಕೈ ಅಂದರು. ಗೆದ್ದದ್ದು ಕೈ. ಸುಣ್ಣ ಹೊಡೆಸುವ ಖರ್ಚು ನಮ್ಮದು.

ಆಮೇಲೆ ಗಣಿ. ಊರಿಗೆಲ್ಲ ಕೆಂಪು ಧೂಳು, ಜಾಗಕ್ಕೆಲ್ಲ ಚಿನ್ನದ ಬೆಲೆ. 2008ರಲ್ಲಿ ಒಬ್ಬರು ಬಂದು ಕೇಳಿದ ಬೆಲೆಗೆ ಅಪ್ಪ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಗೋಡೆಯ ಆಚೆಯವರೂ ಒಪ್ಪಿದರು. ಎರಡು ಪಾಲೂ ಒಟ್ಟಿಗೆ ಮಾರಾಟ, ಗೋಡೆ ಎದ್ದ ಮೇಲೆ ಆ ಮನೆ ಒಂದಾದದ್ದು ಅವತ್ತೇ. ಕೊಂಡವರು ಎಲ್ಲ ಕೆಡವಿ ಕಾಂಪ್ಲೆಕ್ಸ್ ಕಟ್ಟುವವರಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ದುಡ್ಡಿನ ಹೊಳೆ ಬತ್ತಿತು, ಕಾಂಪ್ಲೆಕ್ಸ್ ಆಗಲಿಲ್ಲ. ಬೀಗ ಬಿದ್ದ ಮನೆ ಹಾಗೇ ನಿಂತಿತು. ಪ್ಲೇಗಿನಿಂದ ನಮಗೆ ಸಿಕ್ಕ ಮನೆ, ಗಣಿ ನಿಂತದ್ದರಿಂದ ಉಳಿಯಿತು.

ಮೊದಲ ಸಲ ಬಿಲ್ ಕೊಡುವಾಗ ಹುಡುಗನನ್ನು ಮಾತಾಡಿಸಿದೆ. ಮೂವತ್ತರ ಆಸುಪಾಸು, ಇಂಜಿನಿಯರಿಂಗ್ ಓದಿ ಬೆಂಗಳೂರು ಸಾಕಾಗಿ ಬಂದವನು. ನಾನು ಇಲ್ಲೇ ಹುಟ್ಟಿದವಳು ಅಂದದ್ದಕ್ಕೆ ಎದ್ದು ನಿಂತ. ಹೆಂಚಿನ ವಿಷಯ ಹೇಳಿದೆ, ಹಗೇವಿನ ವಿಷಯ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅಮ್ಮಾ, ನೀವು ಹೇಳೋದು ನಿಜ ಇರಬಹುದು. ಆದರೆ ಹತ್ತಿ ದಲ್ಲಾಳಿ ಮನೆ ಅಂದರೆ ಯಾರು ಬರ್ತಾರೆ ಹೇಳ್ರಿ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಎರಡು ಹಾಳೆ ಬರೆದು, ಕ್ರಯಪತ್ರದ ಫೋಟೋ ಜೊತೆ ಕಳಿಸಿದೆ. ಎಣ್ಣೆಗಾಯಿಯ ಬೆಲ್ಲದ ಬಗ್ಗೆಯೂ ಒಂದು ಸಾಲು ಸೇರಿಸಿದೆ.

ಎರಡನೇ ಸಲ 2 ತಿಂಗಳ ಮೇಲೆ ಹೋದೆವು. ಎಣ್ಣೆಗಾಯಿ ಖಾರವಾಗಿತ್ತು. ರಾಘವರ ಸಾಲಿನ ಮೇಲೆ ಸ್ಟಿಕ್ಕರ್ ಅಂಟಿಸಿ "ನಾಟಕ ಪ್ರಿಯರ ಮನೆ" ಅಂತ ಮಾಡಿದ್ದ, ಒಪ್ಪಿದೆ. ನವಾಬ ಇನ್ನೂ ಇದ್ದಾನೆ. ಬಿಲ್ಲಿನ ತಲೆಯ ಮೇಲೂ 1865 ಹಾಗೇ ಇದೆ, ಹೊಸ ಬಿಲ್ ಬುಕ್ ಮುಗಿಯಲಿ ಅಮ್ಮಾ ಅಂದ. ಹಗೇವಿನ ಪಕ್ಕ ಮಾತ್ರ ಹೊಸ ಫಲಕ ಬಂದಿದೆ, ಹಗೇವು, ಜೋಳ ಇಡುವ ನೆಲಗಣಜ ಅಂತ. ನೀಲಿ ಲೈಟು ತೆಗೆದು ಹಳದಿ ಹಾಕಿದ್ದಾರೆ.

ನಾವು ಮೊಸರನ್ನಕ್ಕೆ ಬಂದಿದ್ದೆವು. ಒಂದು ಚಿಕ್ಕ ಹುಡುಗ ಗಾಜಿನ ಮೇಲೆ ಹೊಟ್ಟೆ ಊರಿ ಮಲಗಿ ಒಳಗೆ ಇಣುಕುತ್ತಿದ್ದ. ಅವನಪ್ಪ ಫಲಕ ಓದದೆ, "ಇದು ಸುರಂಗ ಪುಟ್ಟಾ, ಸೀದಾ ಕೋಟೆಗೆ ಹೋಗುತ್ತೆ" ಅಂದ. ನನಗೆ ತಡೆಯಲಾಗಲಿಲ್ಲ. ಎಂಜಲು ಕೈಯಲ್ಲೇ ಎದ್ದು ಹೋಗಿ, ಸುರಂಗ ಅಲ್ಲಪ್ಪಾ, ಇದರಲ್ಲಿ ನಾವು ಜೋಳ ಇಡುತ್ತಿದ್ದೆವು ಅಂದೆ. ಹುಡುಗ ನನ್ನನ್ನು ನೋಡಿದ, ಗಾಜನ್ನು ನೋಡಿದ.

"ಬರೀ ಜೋಳನಾ?"

ಹೂಂ, ಬರೀ ಜೋಳ ಅಂದೆ. ಹುಡುಗ ಎದ್ದು ಅಂಗಿ ಕೊಡವಿಕೊಂಡು ಐಸ್‌ಕ್ರೀಮ್ ಕೌಂಟರ್ ಕಡೆ ಹೋದ. ತಮ್ಮ ಅಷ್ಟರಲ್ಲಿ ನನ್ನ ಪಾಲಿನ ಮೊಸರನ್ನೂ ಮುಗಿಸಿದ್ದ.